ಬ್ರಷ್ಷಿನಲ್ಲಿ ಬೆಳೆದದ್ದು

ದರ್ಬೆಯ ನಮ್ಮ ಲ್ಯಾಬಿಗೆ ಜನ ರಕ್ತ ತರುತ್ತಾರೆ, ಕಫ ತರುತ್ತಾರೆ. ನೆಲ್ಯಾಡಿ ಕಡೆಯ ಕ್ಷೌರಿಕ ರೂಪೇಶ ತನ್ನ ಕೂದಲು ಕತ್ತರಿಸುವ ಮೆಷಿನನ್ನೂ ಕತ್ತಿನ ಮೇಲಿನ ಕೂದಲು ಕೊಡವುವ ಬ್ರಷ್ಷನ್ನೂ ಚೀಲದಲ್ಲಿ ಕಟ್ಟಿ ತಂದಿದ್ದ. ಇಪ್ಪತ್ತು ವರ್ಷದ ನನ್ನ ಕೆಲಸದಲ್ಲಿ ಹಾಗೆ ಬಂದವನು ಅವನೊಬ್ಬನೇ.

ಅವನ ಅಂಗಡಿಗೆ ಹೋಗುವ ಮೂವರು ಮಕ್ಕಳ ತಲೆಯಲ್ಲಿ ಹುಳುಕಡ್ಡಿ ಎದ್ದಿತ್ತು. ಅಲ್ಲಲ್ಲಿ ಕೂದಲು ಬುಡದಲ್ಲೇ ಮುರಿದು ಬೋಳಾಗಿತ್ತು. ಆ ಕೂದಲನ್ನು ಪೊಟ್ಯಾಷ್ ದ್ರಾವಣದ ಹನಿಯಲ್ಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದವಳು ನಾನೇ. ಎಳೆಯೊಳಗೆಲ್ಲ ಶಿಲೀಂಧ್ರದ ಕಣಗಳು ಕಿಕ್ಕಿರಿದಿದ್ದವು. ಊರಿನವರು ರೂಪೇಶನತ್ತ ಬೆರಳು ತೋರಿಸಿದರು. ಅಂಗಡಿ ಖಾಲಿ ಹೊಡೆಯಿತು. ತನ್ನದೇನೂ ತಪ್ಪಿಲ್ಲವೆಂದು ಬರೆದುಕೊಟ್ಟರೆ ಸಾಕು ಎಂದ. ಇದ್ದದ್ದನ್ನಷ್ಟೇ ಬರೆಯುವುದು ಎಂದು ಸಿಡುಕಿದೆ. ನನ್ನ ಬಾಯಿ ಸ್ವಲ್ಪ ಜೋರು.

ಮೆಷಿನು, ಬ್ರಷ್ಷು ಎರಡನ್ನೂ ಶಿಲೀಂಧ್ರ ಬೆಳೆಸುವ ತಟ್ಟೆಗಳಿಗೆ ಒತ್ತಿ ತೆಗೆದು ಮೂರು ವಾರ ಕಾದೆ. ಮೆಷಿನಿನ ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ. ಅದನ್ನವನು ದಿನಾ ಔಷಧಿ ಹಾಕಿ ಒರೆಸುತ್ತಿದ್ದ. ಬ್ರಷ್ಷಿನ ತಟ್ಟೆಯಲ್ಲಿ ನೇರಳೆ ಬಣ್ಣದ ಸುಕ್ಕುಸುಕ್ಕಾದ ಬೂಷ್ಟು ಎದ್ದಿತ್ತು. ಮಕ್ಕಳ ಕೂದಲಿನಿಂದ ಬೆಳೆದದ್ದೂ ಅದೇ. ಬ್ರಷ್ಷನ್ನೂ ತೊಳೆಯಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

ಇದನ್ನು ಅವನಿಗೆ ಹೇಳುವಾಗ ನನಗೆ ಸಂಕಟವಾಯಿತು. ಈ ರಿಪೋರ್ಟನ್ನು ಯಾವ ಡಾಕ್ಟರೂ ಕೇಳಿಲ್ಲ, ಬ್ರಷ್ಷು ಸುಟ್ಟುಬಿಡಿ, ಕಾಗದ ಬೇಡ ಎಂದೆ. ಅಂಥ ಮಾತು ನಾನು ಯಾರಿಗೂ ಆಡಿದವಳಲ್ಲ.

ರೂಪೇಶ ತಟ್ಟೆಯತ್ತ ಬಗ್ಗಿ ನೋಡಿದ.

"ಇದು ಬ್ರಷ್ಷಿನಲ್ಲಿ ಎಷ್ಟು ಸಮಯ ಬದುಕ್ತದೆ ಮೇಡಂ?"

"ತಿಂಗಳುಗಟ್ಟಲೆ."

"ಹಾಗಾದ್ರೆ ಮೂರೇ ಮಕ್ಕಳಲ್ಲ. ಬರೆದು ಕೊಡಿ. ಬರೀ ಬಾಯಲ್ಲಿ ಹೇಳಿದ್ರೆ ಮನೆಯವರು ಮಕ್ಕಳನ್ನು ಇಲ್ಲಿಗೆ ಕರ್ಕೊಂಡು ಬರ್ಲಿಕ್ಕಿಲ್ಲ."

ಬರೆದುಕೊಟ್ಟೆ. ಮುಂದಿನ ವಾರ ಎಂಟು ಮಕ್ಕಳು ಬಂದರು. ಯಾರು ಕಳಿಸಿದ್ದೆಂದು ಕೇಳಿದರೆ ಎಲ್ಲರೂ ಅವನ ಹೆಸರನ್ನೇ ಹೇಳಿದರು. ಐವರ ಕೂದಲಿನಲ್ಲಿ ಅದೇ ಕಣಗಳಿದ್ದವು. ಇನ್ನೂ ಬೋಳಾಗಿರಲಿಲ್ಲ, ಮದ್ದಿಗೆ ಸಮಯವಿತ್ತು.

ಕೊನೆಗೆ ಬಂದದ್ದು ಒಬ್ಬ ಅಜ್ಜಿ, ಮೊಮ್ಮಗಳ ಜೊತೆ. ಮಗುವಿನ ತಲೆಯಿಂದ ಕೂದಲು ತೆಗೆಯುತ್ತಿದ್ದಾಗ ಅವರು ತಾವಾಗಿ ಹೇಳಿದರು.

"ರೂಪೇಶ ಮಧ್ಯಾಹ್ನದ ಬಿಸಿಲಿಗೆ ನಡ್ಕೊಂಡು ಬಂದಿದ್ದ. ಅಂಗಳದಲ್ಲೇ ನಿಂತು ಕಾಗದ ಓದಿದ. ನಾವು ಬೈದು ಕಳಿಸಿದ್ದು. ಬಾಯಾರಿ ಬಂದವನಿಗೆ ನೀರು ಬೆಲ್ಲ ಸಹ ಕೊಡ್ಲಿಲ್ಲ."

ನನಗೆ ಕೆಟ್ಟ ಸಿಟ್ಟು ಬಂತು. ಆದರೆ ಮಗುವಿನ ತಲೆ ನನ್ನ ಕೈಯಲ್ಲಿತ್ತು, ಅಜ್ಜಿ ಅಳುತ್ತಿದ್ದರು. ಬಾಯಿಗೆ ಬಂದದ್ದನ್ನು ನುಂಗಿ ಇನ್ನೊಂದು ಎಳೆ ಕೂದಲನ್ನು ಮೆಲ್ಲಗೆ ತೆಗೆದೆ.