ಒಂದು ವಾರದ ಕೆಲಸ

"ಲೈಟು ಸ್ವಲ್ಪ ಈ ಕಡೆ ಹಿಡೀರಿ," ಎಂದು ಕಾರಿನ ಅಡಿಯಿಂದ ಹೆಂಡತಿಯ ದನಿ ಬಂತು.

ಟೈಲರ್ ಮಂಡಿಯೂರಿ ಟಾರ್ಚನ್ನು ಒಳಕ್ಕೆ ಹಿಡಿದ. ಅವಳ ಕಾಲುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಎರಡು ವರ್ಷದ ಮೇಲೆ ಆ ಕಾಲುಗಳು ಅವನ ಮನೆಯ ಶೆಡ್ಡಿನಲ್ಲಿ ಹೀಗೆ ಚಾಚಿಕೊಂಡಿದ್ದವು.

ಕಾರು ಅವಳ ತಂದೆಯದು. ಎರಡೇ ಸೀಟಿನ, ನೆಲಕ್ಕಂಟಿದಂಥ ಕೆಂಪು ಸ್ಪೋರ್ಟ್ಸ್ ಕಾರು. ವಯಸ್ಸಿನಲ್ಲಿ ಟೈಲರನಿಗಿಂತ ದೊಡ್ಡದು. ತಂದೆಯ ಗ್ಯಾರೇಜಿನಲ್ಲೇ ಬೆಳೆದ ಅವಳು ಸ್ಪ್ಯಾನರ್ ಹಿಡಿಯುವುದನ್ನು ಕಲಿತ ಎಷ್ಟೋ ದಿನದ ಮೇಲೆ ಸೌಟು ಹಿಡಿದವಳು. ಬೀದಿಯವರು ಇಂಜಿನ್ನಮ್ಮ ಎಂದೇ ಕರೆಯುತ್ತಿದ್ದರು. ಬೇರೆ ಊರಿನಲ್ಲಿ ತನ್ನದೇ ಗ್ಯಾರೇಜು ಹಾಕಲು ಹೊರಟಾಗ, ಅಲ್ಲಿ ನಿಲ್ಲಿಸಲು ಜಾಗವಿಲ್ಲವೆಂದು ಕಾರನ್ನು ಇಲ್ಲೇ ಬಿಟ್ಟುಹೋದಳು. ಗಂಡನನ್ನೂ ಬಿಟ್ಟುಹೋದಳು ಅನ್ನಿ. ನೀವೂ ಬನ್ನಿ ಎಂದು ಕರೆದು ಕರೆದು ಅವಳ ಬಾಯಿ ಒಣಗಿತ್ತು. ಅವನು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ, ಹೋಗಬೇಡ ಎಂದೂ ಅನ್ನಲಿಲ್ಲ. ಬಾಯಿ ಬಿಟ್ಟರೆ ಮುತ್ತು ಉದುರುತ್ತದೇನೋ ಎಂಬ ಜಾತಿಯ ಮನುಷ್ಯ.

ಮೊನ್ನೆಯೂ ಅಷ್ಟೇ. ಮನೆಗೆ ಬಾ ಎನ್ನಬೇಕೆಂದು ಫೋನ್ ಹಿಡಿದವನು, "ಕಾರು ಆಯಿಲ್ ಸೋರ್ತಿದೆ," ಎಂದ. ಸೋರುವಂತೆ ಮಾಡಿದವನೂ ಅವನೇ. ಒಮ್ಮೆ ಊಟಕ್ಕೆ ಕೂತಾಗ ಅವಳೇ ನಗುತ್ತಾ ಹೇಳಿದ್ದಳು: ಇಂಜಿನ್ನಿನ ನೆತ್ತಿಯ ಮೇಲಿನ ಕವರು ಹಿಂಬದಿಯಲ್ಲಿ ಸೋರಿದರೆ ಎಣ್ಣೆ ಹಿಂದಿನಿಂದಲೇ ಇಳಿದು ತಳದಲ್ಲಿ ತೊಟ್ಟಿಕ್ಕುತ್ತದೆ, ಅರೆಬೆಂದ ಮೆಕ್ಯಾನಿಕ್ಕುಗಳು ತಳದ ಆಯಿಲ್ ಸೀಲೇ ಹೋಯಿತೆಂದು ಇಡೀ ಇಂಜಿನ್ನನ್ನು ಕೆಳಗಿಳಿಸುತ್ತಾರೆ, ಒಂದು ವಾರದ ಕೆಲಸ. ಅವನ ತಲೆಯಲ್ಲಿ ಉಳಿದದ್ದು ಆ ವಾರ. ಕವರಿನ ಹಿಂದಿನ ನಾಲ್ಕು ಬೋಲ್ಟುಗಳನ್ನು ತಾನೇ ಸಡಿಲಿಸಿ, ಕಾರನ್ನು ಬೀದಿಯ ತುದಿಯವರೆಗೆ ಓಡಿಸಿಕೊಂಡು ಬಂದಿದ್ದ. ಅವಳು ಒಂದು ವಾರ ಕಣ್ಣೆದುರಿಗಿದ್ದರೆ ಯಾವತ್ತಾದರೂ ಒಂದು ದಿನ ತನ್ನ ಬಾಯಿ ತೆರೆದೀತು ಎಂಬ ಆಸೆ. ಗುರುವಿಗೇ ತಿರುಮಂತ್ರ ಹಾಕಲು ಹೊರಟಿದ್ದ, ಪಾಪ.

ಅವಳು ಅಡಿಯಿಂದ ಹೊರಬಂದು ಕೈ ಒರೆಸಿಕೊಂಡಳು. "ತಳದ ಸೀಲ್ ಹೋದ ಹಾಗಿದೆ."

"ಹಾಗಾದ್ರೆ ಒಂದು ವಾರ ಆಗುತ್ತಾ?"

ಅವಳು ಅವನ ಮುಖ ನೋಡಿದಳು. "ಏನ್ರೀ, ಇಷ್ಟು ಬೇಗ ಬಾಯಿ ಬಿಟ್ಟಿದ್ದು ಮದುವೆ ಆದ ಮೇಲೆ ಇದೇ ಮೊದಲು. ಎಣ್ಣೆ ಬಿದ್ದ ಜಾಗ ನೋಡಿ ಹೇಳೋಕಾಗಲ್ಲ, ಹೊರಟ ಜಾಗ ನೋಡ್ಬೇಕು. ಮೊದ್ಲು ತೊಳೀತೀನಿ."

ಸೀಮೆಎಣ್ಣೆಯಲ್ಲಿ ಬ್ರಷ್ಷು ಅದ್ದಿ ಇಂಜಿನ್ನಿನ ಸಂದುಗೊಂದೆಲ್ಲ ಉಜ್ಜಿದಳು. ಅವನು ತನ್ನ ಹೊಲಿಗೆ ಅಂಗಡಿಯ ಚಿಂದಿಬಟ್ಟೆ ತಂದು ತಂದು ಕೊಟ್ಟ. ಹಿಂದೆಯೂ ರಜಾದಿನಗಳಲ್ಲಿ ಹೀಗೇ ಮಾಡುತ್ತಿದ್ದರು. ಒರೆಸಿ ಒಣಗಿಸಿದ ಮೇಲೆ ಅವಳು, "ನಿಮ್ಮ ಸೀಮೆಸುಣ್ಣ ಇದ್ರೆ ನುಣ್ಣಗೆ ಹೆರೆದು ಕೊಡಿ," ಎಂದಳು. ಬಟ್ಟೆಯ ಮೇಲೆ ಗುರುತು ಹಾಕುವ ಬಿಳಿ ಬಿಲ್ಲೆಯನ್ನು ಅವನು ಚಾಕುವಿನಿಂದ ಹೆರೆದ. ಯಾತಕ್ಕೆಂದು ಹೊಳೆಯಲಿಲ್ಲ. ಅವಳು ಪುಡಿಯನ್ನು ಅಂಗೈಯಲ್ಲಿಟ್ಟು ಇಂಜಿನ್ನಿನ ಹಿಂಬದಿಗೆಲ್ಲ ಊದಿ, ಕಾರು ಚಾಲೂ ಮಾಡಿದಳು.

ಬಾನೆಟ್ಟಿನ ಕೆಳಗೆ ಇಬ್ಬರೂ ತಲೆಗೆ ತಲೆ ತಾಗುವಷ್ಟು ಹತ್ತಿರ ಬಗ್ಗಿ ನಿಂತರು. ಅವಳ ಕೂದಲಿನಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು; ಇಂಜಿನ್ನು ಹೀಗೇ ಓಡುತ್ತಿರಲಿ ಎಂದು ಅವನಿಗನ್ನಿಸಿತು. ಅಷ್ಟರಲ್ಲಿ ಬಿಳಿ ಪುಡಿ ಒಂದು ಕಡೆ ಕಪ್ಪಗಾಯಿತು. ತಳದಲ್ಲಲ್ಲ, ಮೇಲೆ, ಕವರಿನ ಅಂಚಿನಲ್ಲಿ. ಅಲ್ಲಿಂದ ಒಂದು ಗೆರೆ ನಿಧಾನವಾಗಿ ಕೆಳಗಿಳಿಯಿತು.

ಅವಳು ಕಾರು ಆರಿಸಿ ಸ್ಪ್ಯಾನರ್ ತೆಗೆದುಕೊಂಡಳು. ಮೊದಲನೆಯ ಬೋಲ್ಟು ಅರ್ಧ ಸುತ್ತಿಗೆ ಬಿಗಿಯಾಯಿತು. ಎರಡನೆಯದೂ ಅರ್ಧ ಸುತ್ತು. ಮೂರನೆಯದೂ ಅಷ್ಟೇ. ನಾಲ್ಕನೆಯದರ ಮೇಲೆ ಸ್ಪ್ಯಾನರ್ ಇಟ್ಟವಳು ತಿರುಗಿಸದೆ ಹಾಗೇ ನಿಂತಳು.

"ತಾನಾಗೇ ಸಡಿಲವಾದ್ರೆ ಒಂದು ಹೆಚ್ಚು ಒಂದು ಕಮ್ಮಿ ಆಗುತ್ತೆ ರೀ," ಎಂದಳು. "ಹೀಗೆ ಅಳತೆ ಟೇಪು ಹಿಡಿದ ಹಾಗೆ ಸಡಿಲ ಆಗಲ್ಲ. ಟೈಲರ್ ಕೈ."

ಅವನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವಳು ನಕ್ಕಳು. ನಗುತ್ತಿದ್ದವಳ ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಇದ್ದುಬಿಡು," ಎಂದ ಅವನು. ಅದು ಅಷ್ಟು ಸಣ್ಣ ಮಾತು ಎಂದು ಅವನಿಗೆ ಗೊತ್ತೇ ಇರಲಿಲ್ಲ. "ಇಲ್ಲಾಂದ್ರೆ ನಾನೇ ಬರ್ತೀನಿ. ಅಂಗಡಿ ಮುಚ್ಚಿ ಬರ್ತೀನಿ."

ಅವಳು ಎಡಗೈಯಿಂದ ಕಣ್ಣೊರೆಸಿಕೊಂಡಳು. ಕೆನ್ನೆಗೆ ಮಸಿ ಹತ್ತಿತು. "ಹೋಗೋ ದಿನ ಗೇಟ್ ಹತ್ರ ಎಷ್ಟು ಹೊತ್ತು ನಿಂತಿದ್ದೆ ಗೊತ್ತಾ? ನೀವು ಯಾರದೋ ಅಂಗಿಗೆ ಕಾಜ ಹೊಲೀತಾ ಕೂತಿದ್ರಿ. ತಲೆ ಎತ್ತಿ, ಗೇಟು ಹಾಕ್ಕೊಂಡು ಹೋಗು ಅಂದ್ರಿ. ಆ ಮಾತು ಇಟ್ಕೊಂಡು ಅಲ್ಲಿ ಒಬ್ಬಳೇ ಇರೋದನ್ನ ಕಲ್ತಿದ್ದೀನಿ ರೀ. ಬಹಳ ಕಷ್ಟಪಟ್ಟು ಕಲ್ತೆ. ಇನ್ನೊಂದು ಸಲ ಮೊದಲಿಂದ ಶುರು ಮಾಡೋ ಶಕ್ತಿ ನನಗಿಲ್ಲ."

"ತಪ್ಪಾಯ್ತು."

"ನಿಮ್ಮ ಮೇಲೆ ಸಿಟ್ಟಿಲ್ಲ. ಇದ್ದಿದ್ರೆ ಇವತ್ತು ಬರ್ತಾನೇ ಇರ್ಲಿಲ್ಲ. ಸೀಲ್ ಹೋಗಿದ್ರೆ ಇಂಜಿನ್ ಇಳಿಸಿ ಅಲ್ಲಿಗೇ ಸಾಗಿಸೋಣ ಅಂತ ಬಂದೆ. ಈಗ ಬೇಡ ಬಿಡಿ. ಕಾರು ನಿಮ್ಮ ಹತ್ರಾನೇ ಇರ್ಲಿ."

ಕೆಲಸವನ್ನು ಮಾತ್ರ ಅರ್ಧಕ್ಕೆ ಬಿಡುವವಳಲ್ಲ. ಕವರು ಬಿಚ್ಚಿ, ಹಳೆಯ ಪ್ಯಾಕಿಂಗನ್ನು ಕೆರೆದು ತೆಗೆದು, ತಾನು ತಂದಿದ್ದ ಹೊಸದನ್ನು ಕೂರಿಸಿದಳು. ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋದಳು. ಅವನು ಒಂದೊಂದೇ ಬೋಲ್ಟನ್ನು ಕೈಗೆ ಕೊಟ್ಟ. ಬೇಗ ಮುಗಿಯಬಾರದೆಂದು ತಡೆದು ತಡೆದು ಕೊಟ್ಟ. ಗೊತ್ತಾದರೂ ಅವಳು ಪ್ರತಿಸಲ ಕೈ ಚಾಚಿಕೊಂಡು ಕಾದಳು.

ಸಂಜೆಯ ಬಸ್ಸಿಗೆ ಹೊರಡುವ ಮೊದಲು ಅಂಗಡಿಯಿಂದ ಅಂಗಿಯ ಪೆಟ್ಟಿಗೆಯ ರಟ್ಟೊಂದನ್ನು ತಂದು ಇಂಜಿನ್ನಿನ ಕೆಳಗೆ ಹಾಸಿದಳು. "ಬೆಳಗ್ಗೆ ನೋಡಿ. ಒಂದು ಹನಿ ಬಿದ್ದಿದ್ರೂ ಫೋನ್ ಮಾಡಿ, ಬರ್ತೀನಿ," ಎಂದಳು. ಆಮೇಲೆ, "ಅದಾಗೇ ಬಿದ್ದಿದ್ರೆ," ಎಂದು ಸೇರಿಸಿದಳು. ಬಸ್ ಸ್ಟಾಪಿನವರೆಗೆ ಅವಳ ಚೀಲ ಹೊತ್ತುಕೊಂಡು ಹೋದ. ದಾರಿಯುದ್ದಕ್ಕೂ ಮಾತಾಡಿದ. ಅವಳು ಹೂಂ, ಹೂಂ ಎನ್ನುತ್ತಾ ನಡೆದಳು.

ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಶೆಡ್ಡಿಗೆ ಹೋದ. ನೆಲಕ್ಕೆ ಒರಗಿ ರಟ್ಟನ್ನು ಹೊರಗೆಳೆದ. ಬಾಗಿಲ ಬೆಳಕಿಗೆ ಹಿಡಿದು ನೋಡಿದ, ಅಂಗೈಯಿಂದ ಮೂಲೆಮೂಲೆಗೂ ಸವರಿದ, ತಿರುಗಿಸಿಯೂ ನೋಡಿದ. ಕೈಗೆ ಏನೂ ಹತ್ತಲಿಲ್ಲ. ಅವನು ರಟ್ಟನ್ನು ಮೊದಲಿನಂತೆಯೇ ಇಂಜಿನ್ನಿನ ಕೆಳಗೆ ತಳ್ಳಿ, ಇನ್ನೂ ಸ್ವಲ್ಪ ಹೊತ್ತು ಕಾಯೋಣವೆಂದು ಪಕ್ಕದಲ್ಲೇ ಕುಳಿತುಕೊಂಡ.