ಹುಳಗಳಿಗೆ ಹಾಕಿದ ಬೆಲ್ಲ

ಹೊಣಕೆರೆಯಲ್ಲಿ ಚಿಕ್ಕಮ್ಮನ ಮಗಳ ಮದುವೆ ಮುಗಿಸಿಕೊಂಡು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಬಂದರೆ, ಗೇಟಿನಿಂದಲೇ ಗಬ್ಬು ನಾರುತ್ತಿತ್ತು. ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕ ನಾರದೆ ಇನ್ನೇನು ಮಾಡುತ್ತದೆ ಎನ್ನಬೇಡಿ. ನನ್ನ ಘಟಕ ನಾರುವುದಿಲ್ಲ ಸ್ವಾಮಿ. ನಾಲ್ಕು ವರ್ಷದಿಂದ ನಾನೇ ಆಪರೇಟರು. ತೊಟ್ಟಿಯ ನೀರು ಕಾಫಿ ಬಣ್ಣಕ್ಕಿದ್ದು, ಹಸಿ ಮಣ್ಣಿನ ವಾಸನೆ ಬರಬೇಕು. ಆವತ್ತು ಕರ್ರಗಿತ್ತು, ಮೇಲೆ ಮೊಣಕಾಲುದ್ದ ನೊರೆ.

"ಏನಾಯ್ತಣ್ಣ ಇದು?" ಎಂದು ಕಾವಲುಗಾರ ಕುಳ್ಳಯ್ಯಣ್ಣನನ್ನು ಕೇಳಿದೆ.

"ಹುಳ ಉಪ್ವಾಸ ಇದ್ವು ಕಣ್ ಮಮತವ್ವ. ಪೈಪ್ ಒಡ್ದೋಗಿ ಊರ್ಗೆ ಎರಡು ದಿನ ನೀರೇ ಬುಟ್ಟಿಲ್ಲ. ಇಲ್ಗೆ ಕೊಳಚೆನೂ ಬರ್ನಿಲ್ಲ. ಅದ್ಕೇ ಆಲೆಮನೆಯಿಂದ ಐದು ಮೂಟೆ ಬೆಲ್ಲ ತಂದು ಕದಡಿ ಉಯ್ದೆ."

ತಪ್ಪು ನನ್ನದೂ ಇತ್ತು. ಕೊಳೆ ತಿಂದು ನೀರನ್ನು ತಿಳಿ ಮಾಡುವುದು ಕಣ್ಣಿಗೆ ಕಾಣದ ಜೀವಿಗಳು ಎಂದು ಹೇಳಿಕೊಟ್ಟವಳು ನಾನೇ. ಅವನ ಬಾಯಲ್ಲಿ ಅವು ಹುಳ. ಘಟಕ ಶುರುವಾದಾಗ ಸಗಣಿಯ ಜೊತೆ ಒಂದಿಷ್ಟು ಬೆಲ್ಲ ಹಾಕಿ ಅವನ್ನು ಬೆಳೆಸಿದ್ದನ್ನೂ ನೋಡಿದ್ದ. ಕೊಟ್ಟಿಗೆಯ ದನಕ್ಕೆ ಮೇವು ಹಾಕದೆ ತಾನು ತುತ್ತು ಎತ್ತದ ಮನುಷ್ಯ, ಇವೂ ತನ್ನ ಕೊಟ್ಟಿಗೆಯವೇ ಎಂದುಕೊಂಡ. ಆದರೆ ಐದು ಮೂಟೆ ಅಂದರೇನು ಹುಡುಗಾಟವೇ? ಅಷ್ಟನ್ನೂ ಒಮ್ಮೆಗೇ ತಿನ್ನಲು ಹೋಗಿ, ನೀರಿನಲ್ಲಿದ್ದ ಗಾಳಿಯೆಲ್ಲ ಮುಗಿದು, ಅವು ಉಸಿರುಕಟ್ಟಿ ಸಾಯುತ್ತಿದ್ದವು.

"ಗುರುವಾರ ಮಾಲಿನ್ಯ ಮಂಡಳಿಯೋರು ನೀರು ಪರೀಕ್ಷೆಗೆ ತಗಂಡೋಗಕ್ಕೆ ಬತ್ತಾವ್ರೆ. ಫೇಲಾದ್ರೆ ನಿನ್ ಹೊಲಕ್ಕೆ ನೀರಿಲ್ಲ. ಕೈಯಾರೆ ಕೊಂದ್ಬುಟ್ಟಲ್ಲಣ್ಣ," ಎಂದು ರೇಗಿದೆ.

ಅವನ ಮುಖ ಬಾಡಿಹೋಯಿತು. ಅವನ ಒಂದೂವರೆ ಎಕರೆ ದಿಣ್ಣೆಯಲ್ಲಿದೆ, ನಾಲೆ ನೀರು ಅಲ್ಲಿಗೆ ಹತ್ತುವುದಿಲ್ಲ. ಹುಟ್ಟಿದಾರಭ್ಯ ಹುರುಳಿ ಬಿಟ್ಟು ಬೇರೇನೂ ಬೆಳೆದಿಲ್ಲ. ಪರೀಕ್ಷೆ ಪಾಸಾದರೆ ಘಟಕದ ನೀರನ್ನು ಮೋಟಾರಿಟ್ಟು ಅಲ್ಲಿಗೆ ಬಿಡುವುದು, ಅವನು ಹಸುಗಳಿಗೆ ಸೀಮೆಹುಲ್ಲು ಬೆಳೆಯುವುದು ಎಂದು ತೀರ್ಮಾನವಾಗಿತ್ತು. ಪುಣ್ಯಾತ್ಮ ಆಗಲೇ ಪಾತಿ ಮಾಡಿ ಹುಲ್ಲಿನ ಕಡ್ಡಿಯನ್ನೂ ನೆಟ್ಟುಬಿಟ್ಟಿದ್ದ.

ಬರುವ ಕೊಳಚೆಯನ್ನು ಮೊದಲ ತೊಟ್ಟಿಯಲ್ಲೇ ತಡೆದು, ಗಾಳಿ ಊದುವ ಎರಡೂ ಯಂತ್ರಗಳನ್ನು ಬಿಡುವಿಲ್ಲದೆ ಓಡಿಸಿದೆ. ಮೈಸೂರಿನ ಕಡೆಯ ಘಟಕವೊಂದಕ್ಕೆ ಹೋಗಿ ಕಾಡಿ ಬೇಡಿ, ಇಂಥವೇ ಜೀವಿಗಳು ತುಂಬಿರುವ ಕೆಸರನ್ನು ಒಂದು ಟ್ಯಾಂಕರು ತಂದು ಸುರಿಸಿದೆ. ಕುಳ್ಳಯ್ಯಣ್ಣ ಮೂರು ದಿನ ಮನೆಗೆ ಹೋಗಲಿಲ್ಲ. ನೊರೆ ಎತ್ತಿ ಹಾಕುತ್ತಾ, ಗಂಟೆಗೊಂದು ಸಲ "ಉಸ್ರು ಬಂತೇನವ್ವ?" ಎಂದು ಕೇಳುತ್ತಿದ್ದ. ಅವನೇ ಕೊಂದ ಎಂದು ರೇಗಬಾರದಿತ್ತು ಅನ್ನಿಸುತ್ತಿತ್ತು.

ಬುಧವಾರ ಸಂಜೆ ತೊಟ್ಟಿಯ ನೀರನ್ನು ಗಾಜಿನ ಜಾಡಿಗೆ ತುಂಬಿ ಇಬ್ಬರೂ ಎದುರಿಗೆ ಕೂತೆವು. ಅವು ಬದುಕಿದ್ದರೆ ಕೆಸರು ತಾನೇ ತಳಕ್ಕೆ ಇಳಿಯಬೇಕು. ಅರ್ಧ ಗಂಟೆಗೆ ಕಂದು ಕೆಸರು ತಳ ಹಿಡಿದು, ಮೇಲೆ ತಿಳಿನೀರು ನಿಂತಿತು.

"ಬದುಕ್ಕಂಡ್ವು ಕಣಣ್ಣ," ಎಂದೆ. ಅವನು ಟವಲಿನಲ್ಲಿ ಮುಖ ಒರೆಸಿಕೊಂಡ.

ಗುರುವಾರ ಬಂದು ನೀರು ಹಿಡಿದುಕೊಂಡು ಹೋದರು. ಹತ್ತು ದಿನಕ್ಕೆ ಪಾಸಾದ ಪತ್ರ ಬಂತು.

ನೀರು ಬಿಟ್ಟ ದಿನ ಕುಳ್ಳಯ್ಯಣ್ಣನ ಹೆಂಡತಿ ಬೀರಮ್ಮ ಸೆರಗನ್ನು ಮೂಗಿಗೆ ಹಿಡಿದು ಬದುವಿನ ಮೇಲೆ ನಿಂತಿದ್ದಳು. ನೀರು ಮೊದಲ ಪಾತಿಗೆ ನುಗ್ಗಿತು.

"ಊರೋರ ಕಕ್ಕಸ್ ನೀರು ಕಣವ್ವ. ಇದ್ರಾಗೆ ನಿಂತ್ಕಂಡು ಹುಲ್ಲು ಕುಯ್ಯೋಳು ನಾನು," ಎಂದು ನನ್ನನ್ನೇ ನೋಡಿದಳು. "ನೀನಾಗಿದ್ರೆ ಕಾಲಿಡ್ತಿದ್ದಾ?"

ಕುಳ್ಳಯ್ಯಣ್ಣ ತಲೆ ತಗ್ಗಿಸಿದ. ಅವಳು ಒಲ್ಲೆ ಎಂದರೆ ಆ ಹೊಲಕ್ಕೆ ನೀರು ಬಂದೂ ಬಾರದ ಹಾಗೆ. ನಾನೋ, ನಾಲ್ಕು ವರ್ಷದಲ್ಲಿ ಗ್ಲೌಸಿಲ್ಲದೆ ಆ ನೀರನ್ನು ಮುಟ್ಟಿದವಳೇ ಅಲ್ಲ. ಊರಿಗೆಲ್ಲ ಶುದ್ಧ, ಶುದ್ಧ ಎಂದು ಹೇಳುತ್ತಿದ್ದವಳು. ನನಗೆ ನಾಚಿಕೆಯಾಯಿತು. ಬೂಟು ಕಳಚಿಟ್ಟು, ಬರಿಗಾಲಲ್ಲಿ ಪಾತಿಗೆ ಇಳಿದೆ. ನೀರು ತಣ್ಣಗಿತ್ತು.

ಬೀರಮ್ಮ ನನ್ನ ಕಾಲನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮೂಗಿನಿಂದ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿ, ಪಕ್ಕಕ್ಕೆ ಬಂದು ನಿಂತಳು.

"ಇನ್ನೇನ್ ನೋಡ್ತಾ ನಿಂತಿದ್ದೀಯೆ," ಎಂದು ಗಂಡನನ್ನು ಗದರಿದಳು. "ಮುಂದ್ಲು ಪಾತಿಗೆ ತಿರುಗ್ಸು."