ನಾಯಿಗೆ ಮಾತ್ರ ಏಕವಚನ

ಹುಡುಗಿ ಅಪ್ಪನಿಗೆ ‘ನೀನು’ ಅನ್ನುತ್ತಿದ್ದಳು. ತೀರಿಹೋದ ಅಮ್ಮನ ಫೋಟೋಗೂ, ಸುತ್ತ ಯಾರೂ ಇಲ್ಲವೆಂದುಕೊಂಡಾಗ, ‘ನೀನು’ ಅನ್ನುತ್ತಿದ್ದಳು. ಚಿಕ್ಕಮ್ಮನಿಗೆ ಮಾತ್ರ ‘ನೀವು’. ಯಾರೂ ಹೇಳಿಕೊಟ್ಟದ್ದಲ್ಲ. ಚಿಕ್ಕಮ್ಮ ಅಪ್ಪನನ್ನು ಮದುವೆಯಾಗಿ ಬಂದ ದಿನ ‘ಒಳಗೆ ಬನ್ನಿ’ ಎಂದ ಹುಡುಗಿ, ನಾಲ್ಕು ವರ್ಷವಾದರೂ ಅವಳನ್ನು ಇನ್ನೂ ಒಳಗೆ ಕರೆಯುತ್ತಲೇ ಇದ್ದಳು. ಊಟ ಆಯ್ತಾ ನಿಮ್ದು ಚಿಕ್ಕಮ್ಮ. ಛತ್ರಿ ತಗೊಂಡ್ರಾ ಚಿಕ್ಕಮ್ಮ. ನೆಂಟರು ಮೆಚ್ಚಿಕೊಳ್ಳುತ್ತಿದ್ದರು, ಎಂಥ ಮರ್ಯಾದೆ ಕಲಿಸಿದ್ದೀಯಮ್ಮ ಎಂದು. ಮರ್ಯಾದೆಯನ್ನು ಚಿಲಕದಂತೆಯೂ ಹಾಕಿಕೊಳ್ಳಬಹುದು ಎಂದು ಅವರಿಗೆ ಹೇಗೆ ಹೇಳುವುದು. ಚಿಕ್ಕಮ್ಮ ನಗುತ್ತಿದ್ದಳು.

ಅವಳು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಹುಡುಗಿ ಸಣಕಲಿ, ಅಪ್ಪ ಅವಳನ್ನು ಕರೆಯುತ್ತಿದ್ದುದು ಕಡ್ಡಿ ಎಂದು. ಕನ್ನಡಕದ ಕಡ್ಡಿಯನ್ನು ಎಷ್ಟು ಬಗ್ಗಿಸಿದರೆ ಕಿವಿಗೆ ಒತ್ತುವುದಿಲ್ಲ ಎಂಬುದು ಚಿಕ್ಕಮ್ಮನ ಬೆರಳಿಗೆ ಗೊತ್ತಿತ್ತು. ಮನೆಯ ಕಡ್ಡಿಯ ವಿಷಯದಲ್ಲಿ ಆ ಅಂದಾಜು ಸಿಕ್ಕಿರಲಿಲ್ಲ.

ನಾಯಿ ತರೋಣ ಎಂದದ್ದು ಅವಳೇ. ಇಬ್ಬರೂ ಸೇರಿ ಒಂದು ಜೀವ ಸಾಕಿದರೆ ನಡುವಿನದು ಸಡಿಲವಾದೀತು ಎಂಬ ಆಸೆ. ಗಂಡನಿಗೆ ಅದನ್ನು ಹೇಳಿರಲಿಲ್ಲ. ಲಿಫ್ಟ್ ರಿಪೇರಿ ಮಾಡುವ ಅವನು, ಸಿಕ್ಕಿಹಾಕಿಕೊಂಡದ್ದೆಲ್ಲ ಒಂದು ಗುಂಡಿ ಒತ್ತಿದರೆ ಸರಿಹೋಗುತ್ತದೆ ಎಂದು ನಂಬಿದವನು.

ಬಿಡಾಡಿ ನಾಯಿಗಳಿಗೆ ಆಸರೆ ಕೊಡುವ ಜಾಗ ಊರಾಚೆ ಇತ್ತು. ಗಂಬೂಟು ಹಾಕಿದ್ದ ಮೇಲ್ವಿಚಾರಕಿ ಒಂದೊಂದೇ ಗೂಡಿನ ಮುಂದೆ ನಿಲ್ಲಿಸಿ ತೋರಿಸಿದಳು. ಮೂರನೆಯದರಲ್ಲಿ ಮುದಿ ಕಂದು ನಾಯಿಯೊಂದಿತ್ತು. ಬಾಗಿಲು ತೆಗೆದದ್ದೇ ನಿಧಾನ ನಡೆದು ಬಂದು, ಚಿಕ್ಕಮ್ಮನ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಅವಳ ಎದೆ ತುಂಬಿಬಂತು. ಮನೆಯಲ್ಲಿ ತನ್ನ ಪಾಲಿಗೂ ಒಂದು ಪ್ರಾಣಿ.

“ಇದು ಪಾಪದ್ದು. ಹೊತ್ತುಹೊತ್ತಿಗೆ ಅನ್ನ, ಮಲ್ಗೋಕೆ ಒಂದು ಚೀಲ, ಸಾಕು,” ಎಂದಳು ಮೇಲ್ವಿಚಾರಕಿ.

“ನನ್ನ ಹಾಗೇನೇ,” ಎಂದ ಗಂಡ.

ಹುಡುಗಿ ಅಲ್ಲಿರಲಿಲ್ಲ. ಕೊನೆಯ ಗೂಡಿನ ಎದುರು ಕುಕ್ಕರಗಾಲಲ್ಲಿ ಕೂತಿದ್ದಳು. ಒಳಗೆ ಬೂದು ಬಣ್ಣದ ಉದ್ದ ಕಾಲಿನ ಹೆಣ್ಣು ನಾಯಿ. ಬಿಲ್ಲಿನಂತೆ ಬಾಗಿದ ಬೆನ್ನು, ತುಂಬಿದ ಎದೆ, ಇಲ್ಲವೆನ್ನುವಷ್ಟು ಸಣ್ಣ ಹೊಟ್ಟೆ. ನಿಂತಲ್ಲಿ ನಿಲ್ಲದೆ ಅತ್ತಿಂದಿತ್ತ ಹೆಜ್ಜೆ ಹಾಕುತ್ತಿತ್ತು.

“ತಾಯಿ ಅಪ್ಪಟ ಬೇಟೆನಾಯಿ, ತಂದೆ ಯಾವ ಬೀದಿಯೋ ಗೊತ್ತಿಲ್ಲ,” ಎಂದಳು ಮೇಲ್ವಿಚಾರಕಿ. “ಇದು ಮೂಸಿ ಹುಡುಕೋ ಜಾತಿಯಲ್ಲ, ಕಣ್ಣಲ್ಲೇ ಹಿಡಿಯೋದು. ದೂರದಲ್ಲಿ ಏನಾದ್ರೂ ಅಲುಗಾಡಿದ್ರೆ ಸಾಕು, ಆಮೇಲೆ ನಿಮ್ಮ ಕೂಗು ಕಿವಿಗೇ ಬೀಳಲ್ಲ. ದಿನಾ ಓಡಿಸ್ಬೇಕು. ಓಡಿಸಿದ್ರೆ ಬಂಗಾರ, ಇಲ್ಲಾಂದ್ರೆ ನಿಮ್ಮ ಸೋಫಾ ಹೋಯ್ತು ಅಂದ್ಕೊಳ್ಳಿ.”

“ಮನೇಲಿ ಒಂದು ಕಡ್ಡಿ ಇತ್ತು, ಈಗ ಜೋಡಿ ಆಯ್ತು,” ಎಂದು ಗಂಡ ನಕ್ಕ.

ಚಿಕ್ಕಮ್ಮ ಹತ್ತಿರ ಹೋದಳು. ಹುಡುಗಿ ಸರಳಿನ ನಡುವೆ ಬೆರಳು ತೂರಿಸಿ ಪಿಸುಗುಡುತ್ತಿದ್ದಳು. “ಹೆದರ್ಬೇಡ ಕಣೇ. ನಾನಿದ್ದೀನಲ್ಲ. ನೀನು ನನ್ ಜೊತೆ ಬರ್ತೀಯೇನೇ?”

ನೀನು. ಕಣೇ. ಏನೇ. ಪರಿಚಯವಾಗಿ ಐದು ನಿಮಿಷವಾಗಿರಲಿಲ್ಲ.  ಹುಡುಗಿಗೆ ಜ್ವರ ಬಂದಾಗ ಚಿಕ್ಕಮ್ಮ ರಾತ್ರಿಯಿಡೀ ಹಣೆಗೆ ಪಟ್ಟಿ ಹಾಕಿದ್ದಳು. ‘ನೀವು ಮಲ್ಕೊಳ್ಳಿ ಚಿಕ್ಕಮ್ಮ’ ಎಂದಿತ್ತು ಆ ಸುಡುವ ಬಾಯಿ. ಇದೇನು ಮಾಡಿತ್ತು, ಈ ಬೂದು ಎಲುಬಿನ ಗೂಡು? ಬಾಲ ಅಲ್ಲಾಡಿಸಿತ್ತು, ಅಷ್ಟೇ. ನಾಯಿಯ ಮೇಲೆ ಹೊಟ್ಟೆಕಿಚ್ಚು ಪಡುವಷ್ಟಕ್ಕೆ ಇಳಿದೆನಲ್ಲ ಎಂದು ಅನ್ನಿಸಿತು. ಅನ್ನಿಸಿದ್ದರಿಂದ ಕಿಚ್ಚೇನೂ ಆರಲಿಲ್ಲ.

“ನಮ್ಮದು ಮೂರನೇ ಮಹಡಿ,” ಎಂದಳು. “ದಿನಾ ಓಡಿಸೋರು ಯಾರು? ನಿಮ್ಮಪ್ಪ ಮೆಟ್ಟಿಲು ಹತ್ತಿದ್ರೇ ಏದುಸಿರು ಬಿಡ್ತಾರೆ. ಆ ಕಂದು ನಾಯಿ ನೋಡು, ಎಷ್ಟು ಸಾಧು.”

ಹುಡುಗಿ ಎದ್ದು ನಿಂತು ಮೊಣಕಾಲಿನ ಧೂಳು ಕೊಡವಿಕೊಂಡಳು. “ನಿಮಗೆ ಬೇಡ ಅಂದ್ರೆ ಬೇಡ ಬಿಡಿ ಚಿಕ್ಕಮ್ಮ.”

ಅಷ್ಟೇ. ಹಟವಿಲ್ಲ, ಅಳುವಿಲ್ಲ. ಮಕ್ಕಳು ಹಟ ಮಾಡುವುದು ತಮ್ಮವರೆನಿಸಿದವರ ಹತ್ತಿರ. ಅಂಗಡಿಯಲ್ಲಿ ಬೆಲೆ ಕೇಳಿ, ಹೊಂದದೆ ಹೊರಟ ಗಿರಾಕಿಯ ದನಿಯಿತ್ತು ಆ ‘ಬಿಡಿ’ಯಲ್ಲಿ.

“ಬೇಡ ಅಂತ ಎಲ್ಲಿ ಅಂದೆ?” ಅವಳ ದನಿ ತಾನಾಗಿಯೇ ಏರಿತು. “ಒಂದು ಸುತ್ತು ನಡೆಸಿ ನೋಡೋಣ.”

ಮೇಲ್ವಿಚಾರಕಿ ನಾಯಿಗೆ ಹಗ್ಗ ಸಿಕ್ಕಿಸಿ ಹುಡುಗಿಯ ಮಣಿಕಟ್ಟಿಗೆ ಸುತ್ತಿಕೊಟ್ಟಳು. ಗೇಟಿನವರೆಗೆ ಅವರಿಬ್ಬರೂ ಜೊತೆಯಾಗಿ ನಡೆದರು, ಒಂದೇ ಲಯದಲ್ಲಿ, ಒಬ್ಬರನ್ನೊಬ್ಬರು ಕದ್ದು ನೋಡುತ್ತ. ಹಿಂದೆ ಬರುತ್ತಿದ್ದ ಚಿಕ್ಕಮ್ಮನಿಗೆ ಅದನ್ನು ನೋಡಲಾಗಲಿಲ್ಲ.

“ಕೊಡು ಇಲ್ಲಿ. ರಸ್ತೆ ಬಂತು. ನಾನು ಹಿಡ್ಕೋತೀನಿ.”

“ಇರ್ಲಿ, ನಾನೇ—”

“ಕೊಡು ಅಂದೆ.”

ಹುಡುಗಿ ಹಗ್ಗ ಬಿಚ್ಚಿ ಕೊಟ್ಟಳು. ಮೇಲ್ವಿಚಾರಕಿ ಹಿಂದಿನಿಂದ ಸುತ್ಕೊಳ್ಳಿ, ಸುತ್ಕೊಳ್ಳಿ ಎಂದಳು. ಚಿಕ್ಕಮ್ಮ ಸುತ್ತಿಕೊಳ್ಳಲಿಲ್ಲ. ಬಗ್ಗಿ, ಹುಡುಗಿ ಮಾತಾಡಿದ ಹಾಗೆಯೇ ತಾನೂ ಮಾತಾಡಿಸಿದಳು. “ನನ್ನ ನೋಡೇ. ಇಲ್ಲಿ ನೋಡೇ.” ನಾಯಿ ಅವಳ ಭುಜದ ಮೇಲಿಂದ ದೂರ ನೋಡುತ್ತಿತ್ತು. ಚರಂಡಿಯಾಚೆಯ ಬಯಲಲ್ಲಿ ಬಿಳಿಯ ಪ್ಲಾಸ್ಟಿಕ್ ಚೀಲವೊಂದು ಗಾಳಿಗೆ ಎದ್ದಿತು.

ಹಗ್ಗ ಅವಳ ಅಂಗೈ ಸುಟ್ಟುಕೊಂಡು ಹೋಯಿತು. ಬೂದು ಗೆರೆಯೊಂದು ಚರಂಡಿ ಹಾರಿ, ಬಯಲು ಸೀಳಿ, ಲಾರಿಗಳು ಓಡಾಡುವ ಹೆದ್ದಾರಿಯ ಕಡೆಗೆ ಸಣ್ಣದಾಗುತ್ತ ಹೋಯಿತು.

“ಯಾಕೆ ಬಿಟ್ಟೆ?” ಹುಡುಗಿ ಅವಳ ಕಡೆ ತಿರುಗಿದ್ದಳು, ಮುಖವೆಲ್ಲ ಕೆಂಪು. “ಹಿಡ್ಕೊಳ್ಳೋಕೆ ಬರಲ್ಲ ಅಂದ್ಮೇಲೆ ಯಾಕೆ ಇಸ್ಕೊಂಡೆ? ನಿನಗೆ ಅದು ಬೇಡ್ವಾಗಿತ್ತು. ನೀನು ಬೇಕು ಅಂತ್ಲೇ ಬಿಟ್ಟೆ.”

“ಏಯ್ ಕಡ್ಡಿ,” ಎಂದು ಅಪ್ಪ ಗದರಿದ. “ಯಾರಿಗೆ ಏಕವಚನದಲ್ಲಿ ಮಾತಾಡ್ತಿದ್ದೀಯ, ನಾಲಿಗೆ ಬಿಗಿ ಹಿಡಿ.”

“ನೀವು ಸುಮ್ನಿರಿ,” ಎಂದಳು ಚಿಕ್ಕಮ್ಮ ಗಂಡನಿಗೆ. ಮತ್ತೆ ಹುಡುಗಿಗೆ, “ಬೇಕು ಅಂತ ಬಿಟ್ಟಿಲ್ಲ ಕಣೇ.”

“ಸುಳ್ಳು ಹೇಳ್ಬೇಡ.”

ಅಂಗೈ ಉರಿಯುತ್ತಿತ್ತು. ನಾಯಿ ಲಾರಿಗೆ ಸಿಕ್ಕರೆ ಎಂಬ ಭಯದ ಪಕ್ಕದಲ್ಲೇ, ನಾಚಿಕೆಯಿಲ್ಲದೆ, ಇನ್ನೊಂದು ಏನೋ ಕುಣಿಯುತ್ತಿತ್ತು. ಬೈಯಲಿ, ಇನ್ನಷ್ಟು ಬೈಯಲಿ ಅನ್ನಿಸಿತು.

ಹೆದ್ದಾರಿಗೆ ಇನ್ನೇನು ಮುಟ್ಟುವಷ್ಟರಲ್ಲಿ ಚೀಲ ಬೇಲಿಗೆ ಸಿಕ್ಕಿಕೊಂಡಿತು. ನಾಯಿ ಅದನ್ನು ಕಚ್ಚಿ ಕೊಡವಿ, ಬಯಲಲ್ಲಿ ಒಂದು ದೊಡ್ಡ ಸುತ್ತು ಹೊಡೆದು, ಹಗ್ಗ ಎಳೆದುಕೊಂಡು ವಾಪಸು ಬಂತು. ನೇರ ಹುಡುಗಿಯ ಹತ್ತಿರ. ಅವಳು ಅದರ ಕುತ್ತಿಗೆ ತಬ್ಬಿಕೊಂಡು ಅತ್ತಳು. ಚಿಕ್ಕಮ್ಮ ಉರಿಯುವ ಅಂಗೈಯನ್ನು ಮಡಚಿಕೊಂಡಳು.

“ತಪ್ಪಾಯ್ತು ಅನ್ನು,” ಎಂದ ಅಪ್ಪ.

ಹುಡುಗಿ ಕಣ್ಣೊರೆಸಿಕೊಂಡಳು. “ತಪ್ಪಾಯ್ತು ಚಿಕ್ಕಮ್ಮ. ನಿಮ್ಮ ಕೈಗೆ ಪೆಟ್ಟಾಯ್ತಾ?”

ಚಿಲಕ ಮತ್ತೆ ಬಿತ್ತು. ಚಿಕ್ಕಮ್ಮ ಮೇಲ್ವಿಚಾರಕಿಯ ಕಡೆ ತಿರುಗಿದಳು. “ಇದನ್ನೇ ಕೊಡಿ.”

ಗಂಡ ಅವಳನ್ನು ಪಕ್ಕಕ್ಕೆ ಕರೆದ. “ತಲೆ ಕೆಟ್ಟಿದೆಯಾ? ಆ ಕಂದು ನಾಯಿ ಇಷ್ಟ ಆಗಿತ್ತಲ್ಲ ನಿಂಗೆ. ಈ ಮಾರಿ ಮನೇಲಿದ್ರೆ ನಿಮ್ಮಿಬ್ಬರಿಗೂ ದಿನಾ ಜಗಳ ಗ್ಯಾರಂಟಿ.”

“ಇರ್ಲಿ,” ಎಂದಳು.

ಕಾರಿನ ಹಿಂದಿನ ಸೀಟಿನಲ್ಲಿ ಹುಡುಗಿ ಕೂತಳು. ಕೆಳಗೆ ಹಾಸಿದ್ದ ಗೋಣಿಚೀಲ ಬಿಟ್ಟು ನಾಯಿ ಸೀಟಿಗೇ ಹತ್ತಿ, ಅವಳ ತೊಡೆಯ ಮೇಲೆ ಉದ್ದ ಮೂತಿ ಚಾಚಿತು. ಕನ್ನಡಿಯಲ್ಲಿ ಚಿಕ್ಕಮ್ಮ ಅದನ್ನೇ ನೋಡುತ್ತಿದ್ದಳು.

“ಅದನ್ನ ಕೆಳಗಿಳಿಸು,” ಎಂದಳು.

ಹುಡುಗಿ ಸರಿ ಚಿಕ್ಕಮ್ಮ ಎನ್ನಲಿಲ್ಲ. ಕಿಟಕಿಯಾಚೆ ನೋಡುತ್ತ, ನಾಯಿಯ ಕಿವಿಯನ್ನು ಬೆರಳಿನಿಂದ ಸುರುಳಿ ಸುತ್ತುತ್ತ ಕೂತಳು. ಇಳಿಸಲಿಲ್ಲ.

ಚಿಕ್ಕಮ್ಮ ಇನ್ನೊಮ್ಮೆ ಹೇಳಲಿಲ್ಲ.